ಡೇಟಿಂಗ್ ಆ್ಯಪ್ ಬಳಸುವವರದೇ ಆಗಬಹುದೇ?

ಪ್ರಶ್ನೆ: ನಾವು ಹುಬ್ಬಳ್ಳಿಯ ಐವರು ಗೆಳೆಯ-ಗೆಳತಿಯರು. ಎಲ್ಲರೂ ಸಾಫ್ಟ್‌ವೇರ್ ಕೆಲಸದವರು. ದೊಡ್ಡ ಡೇಟಿಂಗ್ ಆ್ಯಪ್‌ಗಳ ಸಹವಾಸ ಎಲ್ಲರಿಗೂ ಸಾಕಾಗಿದೆ. ದುಡ್ಡು ಕಟ್ಟಿದರೂ ಮಾತಾಡುವವರು ಸಿಗುವುದಿಲ್ಲ, ಸಿಕ್ಕವರು ನಿಜವಾದ ಮನುಷ್ಯರೋ ಅಲ್ಲವೋ ಗೊತ್ತಾಗುವುದಿಲ್ಲ. ಬೆಂಗಳೂರಿನ ಆಟೊ ಚಾಲಕರ ಬೆಂಬಲದಿಂದ ‘ನಮ್ಮ ಯಾತ್ರಿ’ ಬಂದ ಹಾಗೆ, ಬಳಸುವವರೇ ಸೇರಿ ನಡೆಸುವ ಒಂದು ಡೇಟಿಂಗ್ ಆ್ಯಪ್ ಯಾಕೆ ಕಟ್ಟಬಾರದು ಅನ್ನಿಸಿದೆ. ಬೇರೆಲ್ಲಾದರೂ ಇಂಥದ್ದು ನಡೆದಿದೆಯೇ? ದೊಡ್ಡವರ ಎದುರು ಉಳಿದುಕೊಂಡಿದೆಯೇ?

— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದಕ್ಕೆ ಹತ್ತಿರದ ಪ್ರಯತ್ನಗಳು ಹಲವು ಸಲ ನಡೆದಿವೆ. ಬಳಸುವವರ ಬೇಕು-ಬೇಡ ಅರಿತವರು ಕಟ್ಟಿದ ಸಣ್ಣ ತಾಣಗಳು ದೊಡ್ಡ ಕಂಪನಿಗಳನ್ನು ಕೆಲಸದಲ್ಲಿ ಹಿಂದೆ ಹಾಕಿದ್ದೂ ಉಂಟು. ಆದರೆ ಹಾಗೆ ಗೆದ್ದವುಗಳಲ್ಲಿ ಬಹುಪಾಲು ಕೊನೆಗೆ ಅಂಥದೇ ದೊಡ್ಡ ಕಂಪನಿಗಳ ಕೈಸೇರಿದವು. ಆದ್ದರಿಂದ ನಿಮ್ಮ ಪ್ರಶ್ನೆಯ ಕಷ್ಟದ ಭಾಗ ಆ್ಯಪ್ ಕಟ್ಟುವುದರಲ್ಲಿಲ್ಲ. ಕಟ್ಟಿದ ಮೇಲೆ ಅದು ಯಾರದು ಅನ್ನುವುದರಲ್ಲಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವು ಐವರೂ ಕೋಡ್ ಬರೆಯಬಲ್ಲವರು, ಅಂಥವರು ಮೊದಲು ಕೂರುವುದೇ ಕೋಡ್ ಬರೆಯಲು.

ಈ ಉದ್ಯಮ ಹುಟ್ಟಿದ್ದೇ ವಿದ್ಯಾರ್ಥಿಗಳ ಕೈಯಲ್ಲಿ. 1965ರಲ್ಲಿ ಹಾರ್ವರ್ಡ್‌ನ ಕೆಲವು ಹುಡುಗರು ‘ಆಪರೇಷನ್ ಮ್ಯಾಚ್’ ಶುರು ಮಾಡಿದರು. ಮೂರು ಡಾಲರ್ ಜೊತೆಗೆ ಪ್ರಶ್ನಾವಳಿ ತುಂಬಿ ಕಳಿಸಬೇಕು. ನಿಮ್ಮ ಬಗ್ಗೆ 75 ಪ್ರಶ್ನೆ, ನೀವು ಬಯಸುವ ಸಂಗಾತಿಯ ಬಗ್ಗೆ 75. ಬಾಡಿಗೆಗೆ ಪಡೆದ ಐಬಿಎಂ ಕಂಪ್ಯೂಟರು ಹೊಂದಿಕೆ ನೋಡಿ ಹೆಸರುಗಳ ಪಟ್ಟಿ ಕೊಡುತ್ತಿತ್ತು. ಮ್ಯಾಚ್ ಡಾಟ್ ಕಾಮ್ ಬಂದದ್ದು ಮೂವತ್ತು ವರ್ಷ ಆದ ಮೇಲೆ, 1995ರಲ್ಲಿ. 1999ರಲ್ಲಿ ಅದು ಅಮೆರಿಕದ ದೊಡ್ಡ ಮಾಧ್ಯಮ ಸಂಸ್ಥೆಯೊಂದರ ಪಾಲಾಯಿತು. ಚಂದಾ ಕಟ್ಟಿದರೆ ಮಾತ್ರ ಸಂದೇಶ ಕಳಿಸಬಹುದು ಅನ್ನುವ ಏರ್ಪಾಡು ನೆಲೆಯೂರಿತು.

ಆ ಏರ್ಪಾಡನ್ನು ಎದುರಿಸಿದವರಲ್ಲಿ ನೀವು ಮುಖ್ಯವಾಗಿ ಓದಬೇಕಾದದ್ದು ಓಕೆಕ್ಯುಪಿಡ್‌ನ ಕತೆ. 2004ರಲ್ಲಿ ಅದನ್ನು ಕಟ್ಟಿದವರು ಹಾರ್ವರ್ಡ್‌ನಲ್ಲಿ ಗಣಿತ ಓದಿದ ನಾಲ್ವರು: ಕ್ರಿಸ್ ಕಾಯ್ನ್, ಕ್ರಿಶ್ಚಿಯನ್ ರಡರ್, ಸ್ಯಾಮ್ ಯಾಗನ್, ಮ್ಯಾಕ್ಸ್ ಕ್ರೋನ್. ತಾಣ ಉಚಿತ, ಜಾಹೀರಾತಿನಿಂದ ನಡೆಯುತ್ತಿತ್ತು. ಅದರ ಜೀವಾಳ ಇದ್ದದ್ದು ಪ್ರಶ್ನೆಗಳಲ್ಲಿ. ಆ ಪ್ರಶ್ನೆಗಳಲ್ಲಿ ಹೆಚ್ಚಿನವನ್ನು ಬಳಸುವವರೇ ಬರೆದು ಸೇರಿಸುತ್ತಿದ್ದರು. ದೇವರನ್ನು ನಂಬುವಿರಾ, ಮಕ್ಕಳು ಬೇಕೇ, ಮನೆ ಎಷ್ಟು ಚೊಕ್ಕಟವಾಗಿರಬೇಕು, ಜಗಳವಾದ ರಾತ್ರಿ ಮಾತು ಬಿಟ್ಟು ಮಲಗುವವರೋ ಮಾತಾಡಿ ಮುಗಿಸುವವರೋ, ಇಂಥವು. ಪ್ರತಿ ಪ್ರಶ್ನೆಗೂ ಮೂರು ಸಂಗತಿ ಹೇಳಬೇಕು: ನನ್ನ ಉತ್ತರ ಏನು, ಎದುರಿನವರಿಂದ ಯಾವ ಉತ್ತರ ಬಯಸುತ್ತೇನೆ, ಅದು ನನಗೆ ಎಷ್ಟು ಮುಖ್ಯ. ಲೆಕ್ಕಿಸಬೇಕಿಲ್ಲ ಎಂದರೆ ಸೊನ್ನೆ, ತುಸು ಮುಖ್ಯವಾದರೆ 1, ಒಂದು ಮಟ್ಟಿಗೆ ಮುಖ್ಯವಾದರೆ 10, ಬಹಳ ಮುಖ್ಯವಾದರೆ 50, ಬಿಟ್ಟುಕೊಡಲಾರೆ ಅಂದರೆ 250 ಅಂಕ.

ಇಲ್ಲಿಂದ ಮುಂದಿನ ಲೆಕ್ಕ ನನಗೆ ತುಂಬ ಇಷ್ಟ. ನೀವು ಕೊಟ್ಟ ಉತ್ತರಗಳು ಎದುರಿನ ಹುಡುಗಿಯೊಬ್ಬಳ ಬಯಕೆಯನ್ನು ಶೇಕಡ ಎಷ್ಟು ತೃಪ್ತಿಪಡಿಸುತ್ತವೆ ಎಂದು ಒಂದು ಅಂಕ ಬರುತ್ತದೆ. ಆಕೆಯ ಉತ್ತರಗಳು ನಿಮ್ಮ ಬಯಕೆಯನ್ನು ಎಷ್ಟು ತೃಪ್ತಿಪಡಿಸುತ್ತವೆ ಎಂದು ಇನ್ನೊಂದು. ಎರಡರ ಸರಾಸರಿ ತೆಗೆಯುವುದು ಸುಲಭದ ದಾರಿ. ಓಕೆಕ್ಯುಪಿಡ್ ಹಾಗೆ ಮಾಡಲಿಲ್ಲ, ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿತು. ನಿಮಗೆ ಆಕೆ ಶೇ 90 ಹಿಡಿಸಿ, ಆಕೆಗೆ ನೀವು ಶೇ 10 ಮಾತ್ರ ಹಿಡಿಸಿದರೆ ಸರಾಸರಿ 50 ಬರುತ್ತದೆ. ವರ್ಗಮೂಲದ ಲೆಕ್ಕದಲ್ಲಿ ಬರುವುದು 30. ಒಬ್ಬರ ಆಸೆ ಇನ್ನೊಬ್ಬರ ಅನಾಸಕ್ತಿಯನ್ನು ಮುಚ್ಚಿಹಾಕದಂತೆ ಗಣಿತವೇ ತಡೆಯುತ್ತದೆ. ಇಬ್ಬರೂ ಉತ್ತರಿಸಿದ ಪ್ರಶ್ನೆಗಳು ಕಡಿಮೆ ಇದ್ದರೆ ಅಷ್ಟಕ್ಕೆ ತಕ್ಕಂತೆ ಅಂಕ ಕಡಿತವಾಗುತ್ತಿತ್ತು, ಎರಡು ಪ್ರಶ್ನೆಗೆ ಉತ್ತರಿಸಿ ಶೇ 100 ಹೊಂದಿಕೆ ಎಂದು ಹಿಗ್ಗುವಂತಿರಲಿಲ್ಲ. ಈ ಸೂತ್ರವನ್ನು ಅವರು ಮುಚ್ಚಿಡಲಿಲ್ಲ, ಎಲ್ಲರಿಗೂ ಕಾಣುವಂತೆ ವಿವರಿಸಿದರು. ತನ್ನನ್ನು ಯಾಕೆ ಇವರೊಂದಿಗೆ ಹೊಂದಿಸಿದರು ಅನ್ನುವುದು ಬಳಸುವವನಿಗೆ ತಿಳಿಯುತ್ತಿತ್ತು. ಇಂದಿನ ಯಾವ ದೊಡ್ಡ ಆ್ಯಪ್‌ನಲ್ಲಿ ಅಷ್ಟು ತಿಳಿಯುತ್ತದೆ?

2010ರಲ್ಲಿ ರಡರ್ ಒಂದು ಲೇಖನ ಬರೆದು, ಹಣ ಕೊಟ್ಟು ಡೇಟಿಂಗ್ ತಾಣ ಸೇರುವುದು ಏಕೆ ನಷ್ಟದ ವ್ಯವಹಾರ ಎಂದು ತೋರಿಸಿದರು. ಅಂಥ ತಾಣದಲ್ಲಿ ಕಾಣುವ ಮುಖಗಳಲ್ಲಿ ಹೆಚ್ಚಿನವರು ಚಂದಾ ಕಟ್ಟದವರು. ಅವರಿಗೆ ನಿಮ್ಮ ಸಂದೇಶಕ್ಕೆ ಉತ್ತರಿಸುವ ದಾರಿಯೇ ಇರುವುದಿಲ್ಲ. ಉತ್ತರ ಬಾರದಾಗ ನೀವು ಇನ್ನಷ್ಟು ಜನಕ್ಕೆ ಬರೆಯುತ್ತೀರಿ, ಕಂಪನಿಗೆ ಇನ್ನೊಂದು ತಿಂಗಳ ಚಂದಾ. ಮರುವರ್ಷ, 2011ರ ಫೆಬ್ರುವರಿಯಲ್ಲಿ, ಮ್ಯಾಚ್ 5 ಕೋಟಿ ಡಾಲರ್ ಕೊಟ್ಟು ಓಕೆಕ್ಯುಪಿಡ್ಡನ್ನು ಕೊಂಡಿತು. ಆ ಲೇಖನ ತಾಣದಿಂದ ಮಾಯವಾಯಿತು. 2014ರಲ್ಲಿ ಇನ್ನೊಂದು ಸಂಗತಿ ರಡರ್ ಅವರ ಬಾಯಿಂದಲೇ ಹೊರಬಂತು. ಶೇ 30 ಹೊಂದಿಕೆಯ ಜೋಡಿಗಳಿಗೆ ‘ನಿಮ್ಮದು ಶೇ 90’ ಎಂದು ಸುಳ್ಳು ತೋರಿಸಿ, ಮಾತುಕತೆ ಹೇಗೆ ಸಾಗುತ್ತದೆ ಎಂದು ಪ್ರಯೋಗ ನಡೆಸಿದ್ದರಂತೆ. 2017ರ ಕೊನೆಗೆ ತಾಣದ ರೀತಿಯೇ ಬದಲಾಯಿತು. ತಾವೇ ಇಟ್ಟುಕೊಂಡ ಅಡ್ಡಹೆಸರುಗಳು ಹೋಗಿ ನಿಜ ಹೆಸರು ಬಂತು. ಇಬ್ಬರೂ ಮೆಚ್ಚದೆ ಸಂದೇಶ ಕಾಣದು ಎಂದಾಯಿತು. ಉದ್ದದ ಬರಹ ಓದಿ ಬರೆಯುವವರ ತಾಣವಾಗಿದ್ದದ್ದು ಬೆರಳಿನಿಂದ ಫೋಟೊ ಸರಿಸುವ ತಾಣಗಳ ಸಾಲಿಗೆ ಸೇರಿತು. ಪ್ರಶ್ನೆ ಬರೆದು ಅದನ್ನು ಬೆಳೆಸಿದ ಜನರನ್ನು ಯಾವ ಹಂತದಲ್ಲೂ ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ಎಲ್ಲೂ ಬರೆದಿರಲಿಲ್ಲ.

ಉಳಿದವರ ಕತೆಯೂ ಹೆಚ್ಚು ಬೇರೆಯಲ್ಲ. ಮಾರ್ಕಸ್ ಫ್ರಿಂಡ್ 2003ರಲ್ಲಿ ಕೆನಡಾದ ವ್ಯಾಂಕೂವರ್‌ನ ತನ್ನ ಮನೆಯಿಂದಲೇ ಒಬ್ಬನೇ ನಡೆಸಲು ಶುರು ಮಾಡಿದ ಉಚಿತ ತಾಣ ‘ಪ್ಲೆಂಟಿ ಆಫ್ ಫಿಶ್’ ಮ್ಯಾಚ್‌ನ ಒಡೆತನಕ್ಕೆ ಹೋದದ್ದು 2015ರಲ್ಲಿ, 57.5 ಕೋಟಿ ಡಾಲರಿಗೆ. ಹಿಂಜ್ ಎಂಬ ಆ್ಯಪ್ 2018-19ರಲ್ಲಿ ಮ್ಯಾಚ್‌ಗೇ ಹೋಯಿತು. ಟಿಂಡರ್ 2012ರಲ್ಲಿ ಹುಟ್ಟಿದ್ದೇ ಮ್ಯಾಚ್‌ನ ಬಳಗದ ಒಳಗೆ. ಹೊರಗೆ ಉಳಿದ ದೊಡ್ಡ ಹೆಸರು ಬಂಬಲ್. ಟಿಂಡರ್ ಬಿಟ್ಟುಬಂದ ವಿಟ್ನಿ ವೋಲ್ಫ್ ಹರ್ಡ್ 2014ರಲ್ಲಿ ಅದನ್ನು ಕಟ್ಟಿ, ಮೊದಲ ಮಾತು ಹೆಣ್ಣಿನದೇ ಆಗಬೇಕು ಎಂದು ನಿಯಮ ಮಾಡಿದರು. ಒಳ್ಳೆಯ ನಿಯಮ. ಆದರೆ ಅದಕ್ಕೂ ಬದೂ ಎಂಬ ಇನ್ನೊಂದು ಡೇಟಿಂಗ್ ಕಂಪನಿಯ ಹಣ ಬೇಕಾಯಿತು, 2021ರಲ್ಲಿ ಷೇರುಪೇಟೆಗೂ ಹೋಗಬೇಕಾಯಿತು. 2024ರಲ್ಲಿ ಮ್ಯಾಚ್ ಗ್ರೂಪ್‌ನ ವರಮಾನ ಸುಮಾರು 350 ಕೋಟಿ ಡಾಲರ್. ಈಗ ಅದಕ್ಕೆ ಹಣ ಕಟ್ಟುವವರ ಸಂಖ್ಯೆ ಇಳಿಮುಖವಾಗಿದೆ. ಬೇಸತ್ತವರು ನೀವು ಐವರೇ ಅಲ್ಲ.

ಬೇಸರಕ್ಕೆ ಕಾರಣ ಹಣ ಬರುವ ರೀತಿಯಲ್ಲಿದೆ. ಸಂಗಾತಿ ಸಿಕ್ಕ ದಿನ ಗಿರಾಕಿ ಕೈಬಿಟ್ಟು ಹೋಗುತ್ತಾನೆ, ಸಿಗದವನು ತಿಂಗಳು ತಿಂಗಳು ಕಟ್ಟುತ್ತಾನೆ. ಇದರಿಂದ ಕಂಪನಿಯಲ್ಲಿ ಕೆಲಸ ಮಾಡುವವರೆಲ್ಲ ಕೆಟ್ಟವರು ಎಂದಾಗುವುದಿಲ್ಲ, ಆದರೆ ಲೆಕ್ಕದ ಪುಸ್ತಕ ಯಾವ ಕಡೆಗೆ ಎಳೆಯುತ್ತದೆ ಎಂಬುದು ಸ್ಪಷ್ಟ. ಯಾರೋ ನಿಮ್ಮನ್ನು ಮೆಚ್ಚಿದ್ದಾರೆ ಎಂದು ಆಸೆ ಹುಟ್ಟಿಸುವ ಜಾಹೀರಾತು ಕಳಿಸಿ ಜನರಿಂದ ಚಂದಾ ಕಟ್ಟಿಸಿತು, ಆ ಮೆಚ್ಚುಗೆಗಳಲ್ಲಿ ಅನೇಕವು ವಂಚಕರ ಖಾತೆಗಳಿಂದ ಬಂದವು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಮ್ಯಾಚ್ ವಿರುದ್ಧ ದಾವೆ ಹೂಡಿತು. 2025ರಲ್ಲಿ ಕಂಪನಿ 1.4 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

ಈಗ ನಿಮ್ಮ ‘ನಮ್ಮ ಯಾತ್ರಿ’ ಮಾತಿಗೆ ಬರೋಣ. 2022ರ ನವೆಂಬರಿನಲ್ಲಿ ಬೆಂಗಳೂರಿನ ಆಟೊ ಚಾಲಕರ ಒಕ್ಕೂಟದ ಬೆಂಬಲದಿಂದ, ಜಸ್‌ಪೇ ಕಂಪನಿಯ ತಂತ್ರಜ್ಞಾನದಿಂದ ಅದು ಬಂತು. ಸವಾರಿಗೆ ಕಮಿಷನ್ ಇಲ್ಲ, ಕೋಡ್ ಎಲ್ಲರಿಗೂ ತೆರೆದದ್ದು. ಮರುವರ್ಷದಿಂದ ದಿನಕ್ಕೆ 25 ರೂಪಾಯಿಯಂತೆ ಚಾಲಕರಿಂದ ಸಣ್ಣ ಶುಲ್ಕ ಬಂತು. ಅದು ಉಳಿದು ನಿಂತದ್ದಕ್ಕೆ ಒಂದು ಕಾರಣ, ಆಟೊ ಓಡಿಸುವವರು ದಿನವೂ ಬೆಳಿಗ್ಗೆ ಬರುತ್ತಾರೆ, ಹತ್ತು ವರ್ಷ ಬರುತ್ತಾರೆ, ಅವರಿಗೆ ಮೊದಲೇ ಸಂಘವಿತ್ತು. ಡೇಟಿಂಗ್‌ನಲ್ಲಿ ಸಂಘವೇ ಇಲ್ಲ. ಕೆಲಸ ಚೆನ್ನಾಗಿ ನಡೆದಷ್ಟೂ ಸದಸ್ಯರು ಬೇಗ ಬಿಟ್ಟುಹೋಗುತ್ತಾರೆ. ಜೊತೆಗೆ, ಆ ‘ನಮ್ಮ ಯಾತ್ರಿ’ಯೂ ಬೆಳೆಯಲು 2024ರಲ್ಲಿ ಗೂಗಲ್ ಸೇರಿದಂತೆ ಹೊರಗಿನವರ ಬಂಡವಾಳ ಪಡೆಯಿತು. ಇದನ್ನು ತಪ್ಪೆಂದು ಹೇಳುತ್ತಿಲ್ಲ. ಬೆಳೆದಂತೆ ಹಣದ ಒತ್ತಡ ಬಂದೇ ಬರುತ್ತದೆ, ಬರುವ ಮೊದಲೇ ಯೋಚಿಸಿಡಿ ಅನ್ನುವುದಕ್ಕಾಗಿ ಹೇಳುತ್ತಿದ್ದೇನೆ.

ಕೋಡ್ ತೆರೆದಿಟ್ಟರೆ ಸಾಕೇ? ಸಾಲದು. ಅಲೊವೊವಾ, ಡುಯೊಲಿಷಿಯಸ್ ಎಂಬ ಉಚಿತ ತಾಣಗಳಿವೆ. ಅವುಗಳ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮದೇ ತಾಣ ನಡೆಸಬಹುದು. ನೀವು ಸೊನ್ನೆಯಿಂದ ಬರೆಯುವ ಅಗತ್ಯವೇ ಇಲ್ಲದಿರಬಹುದು. ಆದರೆ ಸಂಗಾತಿ ಹುಡುಕುವವರಿಗೆ ಬೇಕಾದದ್ದು ಕೋಡ್ ಅಲ್ಲ, ಹತ್ತಿರದಲ್ಲಿರುವ ಮನುಷ್ಯರು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.4 ಲಕ್ಷ. ನಿಮ್ಮ ಆ್ಯಪ್‌ಗೆ ಸಾವಿರ ಜನ ಸೇರಿದರೆಂದೇ ಇಟ್ಟುಕೊಳ್ಳಿ. ಅವರಲ್ಲಿ 800 ಗಂಡಸರು, 200 ಹೆಂಗಸರು ಎಂದಾದರೆ, ವಯಸ್ಸು, ಓದು, ಇಷ್ಟಾನಿಷ್ಟ ಎಂದು ಸೋಸುತ್ತಾ ಹೋದಂತೆ ಒಬ್ಬನಿಗೆ ತೋರಿಸಲು ಹತ್ತು ಹೆಸರು ಉಳಿದರೆ ಹೆಚ್ಚು. ಒಂದು ವಾರದಲ್ಲಿ ಅದು ಮುಗಿಯುತ್ತದೆ, ಆತ ಮತ್ತೆ ದೊಡ್ಡ ಆ್ಯಪ್‌ಗೆ ಹೋಗುತ್ತಾನೆ. ಸಣ್ಣವರು ಸಾಮಾನ್ಯವಾಗಿ ಸೋಲುವುದು ಇಲ್ಲೇ.

ಈ ಗಂಟನ್ನು ಬಿಡಿಸಿದ ಒಂದು ಪ್ರಯತ್ನ ಸ್ಟ್ಯಾನ್‌ಫರ್ಡ್‌ನಲ್ಲಿ ಆಯಿತು. 2017ರಲ್ಲಿ ಅಲ್ಲಿನ ಇಬ್ಬರು ವಿದ್ಯಾರ್ಥಿಗಳು ಅರ್ಥಶಾಸ್ತ್ರದ ತರಗತಿಯ ಕೆಲಸವಾಗಿ ‘ಮ್ಯಾರೇಜ್ ಪ್ಯಾಕ್ಟ್’ ಮಾಡಿದರು. ವರ್ಷವಿಡೀ ತೆರೆದಿರುವ ಆ್ಯಪ್ ಅಲ್ಲ ಅದು. ವರ್ಷಕ್ಕೊಂದು ಸಲ, ಒಂದೇ ಕ್ಯಾಂಪಸ್ಸಿನಲ್ಲಿ, ಕೆಲವೇ ದಿನ ಪ್ರಶ್ನಾವಳಿ ತೆರೆದಿರುತ್ತದೆ. ಮುಗಿದ ಮೇಲೆ ಒಬ್ಬರಿಗೆ ಒಂದೇ ಹೆಸರು ಬರುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಸೇರುವುದರಿಂದ ಜನ ಸಾಲದು ಎಂಬ ತೊಂದರೆ ಕರಗುತ್ತದೆ. ಮೊದಲ ಸಲವೇ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿದರು. ಜೋಡಿಸುವ ಸೂತ್ರ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಬರೆದದ್ದರ ಮೇಲೆ ನಿಂತಿದೆ: ತಮಗೆ ಸಿಕ್ಕವರನ್ನು ಬಿಟ್ಟು ಪರಸ್ಪರ ಓಡಿಹೋಗಲು ಬಯಸುವ ಇಬ್ಬರು ಉಳಿಯದಂತೆ ಎಲ್ಲರನ್ನೂ ಜೋಡಿಸಬಹುದು ಎಂದು ಅವರು ಸಾಧಿಸಿ ತೋರಿಸಿದ್ದರು. ಆ ಪ್ರಬಂಧ ಇಂದಿಗೂ ಯಾರು ಬೇಕಾದರೂ ಓದಬಹುದು. ಹಿಂಜ್ ಕೂಡ ತನ್ನ ಒಂದು ಸೌಲಭ್ಯಕ್ಕೆ ಅದನ್ನೇ ಬಳಸಿದೆ.

ಹಣದ ತೊಡಕಿಗೆ ನೆದರ್ಲೆಂಡ್ಸ್‌ನ ಬ್ರೀಜ್ ಕಂಡುಕೊಂಡ ಉಪಾಯ ನೋಡಿ. ಡೆಲ್ಫ್ಟ್‌ನ ವಿದ್ಯಾರ್ಥಿಗಳು ಕಟ್ಟಿದ್ದು. ಅದರಲ್ಲಿ ಚಾಟ್ ಇಲ್ಲ. ಇಬ್ಬರೂ ಒಪ್ಪಿದರೆ ನೇರ ಭೇಟಿ, ಜಾಗ-ಸಮಯ ಆ್ಯಪ್ ಗೊತ್ತುಮಾಡುತ್ತದೆ. ಶುಲ್ಕ ತಿಂಗಳಿಗಲ್ಲ, ಭೇಟಿಗೆ, ಅದರಲ್ಲೇ ಕುಡಿಯಲು ಏನಾದರೊಂದು ಸೇರಿರುತ್ತದೆ. ಜನ ಭೇಟಿಯಾದರೆ ಮಾತ್ರ ಕಂಪನಿಗೆ ಹಣ. ಜನರನ್ನು ಕಾಯಿಸಿ ಗಳಿಸುವುದು ಇಲ್ಲವಾಯಿತು. ಇನ್ನೂ ಒಂದು ಕಾರಣಕ್ಕೆ ಬ್ರೀಜ್ ಮೇಲೆ ನನಗೆ ಗೌರವ. ತಮ್ಮ ಸೂತ್ರ ಬಿಳಿಯರಲ್ಲದವರಿಗೆ ಅನ್ಯಾಯ ಮಾಡುತ್ತಿರಬಹುದು ಎಂಬ ಅನುಮಾನ ಬಂದಾಗ ಅವರೇ ಅಲ್ಲಿನ ಮಾನವ ಹಕ್ಕುಗಳ ಸಂಸ್ಥೆಯ ಬಳಿ ಹೋಗಿ ಕೇಳಿದರು. 2023ರಲ್ಲಿ ಆ ಸಂಸ್ಥೆ, ತಾರತಮ್ಯ ತಡೆಯಲು ಸೂತ್ರ ತಿದ್ದಬಹುದು, ತಿದ್ದಲೂಬೇಕು ಎಂದಿತು.

ನಿಮ್ಮ ಊರಿನಲ್ಲಿ ಆ ಮಾತನ್ನು ಜಾತಿಗೆ ಹಚ್ಚಿ ಓದಬೇಕು. ನಮ್ಮಲ್ಲಿ ಜನ ಸೇರಿ ಜೋಡಿ ಮಾಡುವುದು ಹೊಸತಲ್ಲ, ಪ್ರತಿ ಜಾತಿಯ ಸಂಘವೂ ಕಲ್ಯಾಣ ಮಂಟಪದಲ್ಲಿ ವಧು-ವರರ ಸಮಾವೇಶ ನಡೆಸುತ್ತದೆ. 1997ರಲ್ಲಿ ಅಮೆರಿಕದಲ್ಲಿದ್ದ ಮುರುಗವೇಲ್ ಜಾನಕಿರಾಮನ್ ತಮಿಳರಿಗಾಗಿ ನಡೆಸುತ್ತಿದ್ದ ತಾಣದ ವಿವಾಹ ವಿಭಾಗವೇ ಬೆಳೆದು ಭಾರತ್ ಮ್ಯಾಟ್ರಿಮೊನಿ ಆಯಿತು. ಕನ್ನಡ ಮ್ಯಾಟ್ರಿಮೊನಿಯೂ ಅದರದೇ ಕೊಂಬೆ, ಜಾತಿಗೊಂದರಂತೆ ತಾಣಗಳೂ ಅದರಡಿ ಇವೆ. ಭಾಷೆಯನ್ನು ಹಿಡಿದು ಹೋದವರು ಬೆಂಗಳೂರಿನ ಐಲ್ ಕಂಪನಿಯವರು. 2021ರಲ್ಲಿ ಮಲಯಾಳಿಗಳಿಗೆ ‘ಅರಿಕೆ’, ಆಮೇಲೆ ತಮಿಳಿನಲ್ಲಿ ‘ಅನ್ಬೇ’, ತೆಲುಗಿನಲ್ಲಿ ‘ನೀತೋ’, ಕನ್ನಡದಲ್ಲಿ ‘ನೀನೇ’. ಐಲ್‌ನ ಬಹುಪಾಲು ಷೇರನ್ನು 2022ರಲ್ಲಿ ಇನ್ಫೊ ಎಡ್ಜ್ ಕೊಂಡಿತು. ಅದು ಜೀವನ್‌ಸಾಥಿ ನಡೆಸುವ ಕಂಪನಿ. ಇಲ್ಲೂ ಅದೇ ಕತೆ. ನನ್ನ ಮಾತು ಕೇಳುವುದಾದರೆ, ನಿಮ್ಮ ಪ್ರಶ್ನಾವಳಿಯಲ್ಲಿ ಜಾತಿಯ ಕಾಲಂ ಇರಲೇಬಾರದು. ಕಾಲಂ ತೆಗೆದ ಮೇಲೂ ಅಡ್ಡಹೆಸರು, ಊರು, ಊಟದ ಪದ್ಧತಿಗಳ ಮೂಲಕ ಅದು ಒಳನುಗ್ಗುತ್ತದೆ. ಯಾರಿಗೆ ಭೇಟಿಯೇ ಸಿಗುತ್ತಿಲ್ಲ ಎಂದು ಆಗಾಗ ಲೆಕ್ಕ ತೆಗೆದು ನೋಡುತ್ತಿರಬೇಕು. ಕುವೆಂಪು ಅವರ ಮಂತ್ರಮಾಂಗಲ್ಯ ಹುಟ್ಟಿದ ನಾಡಿನಲ್ಲಿ ಇಷ್ಟನ್ನು ಕೇಳುವುದು ಹೆಚ್ಚಲ್ಲ.

ದೊಡ್ಡವರು ಮರೆತವರ ಜೊತೆ ನಿಂತು ಕಟ್ಟಿದ ಒಂದು ಭಾರತೀಯ ಆ್ಯಪನ್ನೂ ನೀವು ತಿಳಿದಿರಬೇಕು. ಅಂಗವೈಕಲ್ಯ ಇರುವವರಿಗಾಗಿ ಕಲ್ಯಾಣಿ ಖೋನಾ ಮತ್ತು ಶಂಕರ್ ಶ್ರೀನಿವಾಸನ್ ಶುರು ಮಾಡಿದ ‘ಇನ್‌ಕ್ಲೊವ್’ಗೆ 2015ರಲ್ಲಿ ಜನರೇ ಚಂದಾ ಎತ್ತಿ ಕೊಟ್ಟರು, 2016ರಲ್ಲಿ ಆ್ಯಪ್ ಹೊರಬಂತು. ಕಣ್ಣು ಕಾಣದವರೂ ಬಳಸಲು ಬರುವಂತೆ ಅದನ್ನು ರೂಪಿಸಿದ್ದರು. ಗಾಲಿಕುರ್ಚಿ ಒಳಹೋಗುವಂಥ ಜಾಗ ಹುಡುಕಿ ಕೂಟಗಳನ್ನು ಏರ್ಪಡಿಸುತ್ತಿದ್ದರು. 2019ರಲ್ಲಿ ಅದು ಮುಚ್ಚಿತು. ಅಮೆರಿಕದಲ್ಲಿ ಸಲಿಂಗಿ ಹೆಂಗಸರು ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಬಂದ ‘ಲೆಕ್ಸ್’ ಕೂಡ 2018ರಲ್ಲಿ ಜನರಿಂದಲೇ ಹಣ ಕೂಡಿಸಿ, ಫೋಟೊ ಇಲ್ಲದ, ಬರಿಯ ಬರಹದ ಜಾಹೀರಾತುಗಳಿಂದ ಆರಂಭವಾಗಿತ್ತು. ಅದೂ 2024ರಲ್ಲಿ ಇನ್ನೊಂದು ಕಂಪನಿಗೆ ಹೋಯಿತು. ಜನ ಕೊಟ್ಟ ಚಂದಾ ಷೇರು ಆಗುವುದಿಲ್ಲ. ಕೊಟ್ಟವರಿಗೆ ಮತವಿಲ್ಲ.

ಇನ್ನೊಂದು ಎಚ್ಚರ. ಗುರುತಿನ ಚೀಟಿ ನೋಡದೆ ಯಾರನ್ನೂ ಸೇರಿಸಬೇಡಿ, ನೋಡಿದ ಮೇಲೆ ಅದರ ಪ್ರತಿಯನ್ನು ಇಟ್ಟುಕೊಳ್ಳಲೂಬೇಡಿ. ಹೆಂಗಸರ ಸುರಕ್ಷತೆಗೆಂದೇ ಅಮೆರಿಕದಲ್ಲಿ ಬಂದ ‘ಟೀ’ ಎಂಬ ಆ್ಯಪ್‌ನಿಂದ 2025ರ ಜುಲೈನಲ್ಲಿ ಸುಮಾರು 72,000 ಚಿತ್ರಗಳು ಸೋರಿಹೋದವು. ಅವುಗಳಲ್ಲಿ ಸುಮಾರು 13,000 ಸದಸ್ಯೆಯರು ಪರಿಶೀಲನೆಗೆಂದು ಕೊಟ್ಟ ಸೆಲ್ಫಿ ಮತ್ತು ಗುರುತಿನ ಚೀಟಿಗಳು. ಹುಬ್ಬಳ್ಳಿಯಂಥ ಊರಿನಲ್ಲಿ ಒಂದು ಹುಡುಗಿಯ ಹೆಸರು ಹೊರಬಿದ್ದರೆ ಅದರ ಪೆಟ್ಟು ಎಂಥದೆಂದು ನಿಮಗೆ ನಾನು ಹೇಳಬೇಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಓದಿಕೊಳ್ಳಿ. ಮದುವೆ ತಾಣ ಎಂದು ಹೇಳಿಕೊಂಡರೆ 2016ರ ಕೇಂದ್ರ ಸರ್ಕಾರದ ಸಲಹಾಸೂಚಿಯೂ ಅನ್ವಯಿಸುತ್ತದೆ, ಅದರ ಪ್ರಕಾರ ಅಂಥ ತಾಣ ಡೇಟಿಂಗ್‌ಗೆ ಬಳಕೆಯಾಗುವಂತಿಲ್ಲ. ಯಾವುದೆಂದು ಮೊದಲೇ ತೀರ್ಮಾನಿಸಿ.

ಕೊನೆಗೆ ಒಡೆತನ. ನೀವಿರುವ ಕಡೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿ ಗದಗ ಬಳಿಯ ಕಣಗಿನಹಾಳವಿದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದರು. ರೈತನ ಕಷ್ಟದಿಂದಲೇ ಸಾಹುಕಾರ ಗಳಿಸುತ್ತಿದ್ದ ಕಾಲದಲ್ಲಿ ಸಾಲ ಪಡೆಯುವವರೇ ಸಂಘದ ಒಡೆಯರಾದರು. ನಿಮ್ಮ ಆ್ಯಪ್‌ಗೂ ಅದೇ ಏರ್ಪಾಡು ಸಲ್ಲುತ್ತದೆ. 1959ರ ಸಹಕಾರ ಸಂಘಗಳ ಕಾಯ್ದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆ ಎರಡನ್ನೂ ಹಿಡಿದು ತಿಳಿದ ವಕೀಲರೊಬ್ಬರ ಬಳಿ ಕೂತು, ಯಾವುದರಡಿ ನೋಂದಣಿ ಸಾಧ್ಯ ಎಂದು ಕೇಳಿ. ಸಹಕಾರದಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಸದಸ್ಯರು ಬೇಗ ಬಿಟ್ಟುಹೋಗುತ್ತಾರೆ ಎಂಬ ತೊಡಕಿಗೆ ನನಗೆ ಹೊಳೆಯುವ ಪರಿಹಾರವೆಂದರೆ, ಜೋಡಿಯಾದವರೂ ಸದಸ್ಯರಾಗಿಯೇ ಉಳಿಯಲಿ. ದೂರು ವಿಚಾರಿಸುವುದು, ಹೊಸಬರ ಗುರುತು ನೋಡುವುದು, ಕೂಟ ನಡೆಸುವುದು ಅವರ ಪಾಲಿಗೆ ಬರಲಿ. ಅವರಿಗೆ ತಾಣದಿಂದ ಸಂಗಾತಿ ಬೇಕಾಗಿಲ್ಲ, ಆದ್ದರಿಂದ ಪಕ್ಷಪಾತಕ್ಕೆ ಕಾರಣವೂ ಕಡಿಮೆ. ಮಾರಾಟದ ಮಾತು ಬಂದರೆ ಎಷ್ಟು ಸದಸ್ಯರು ಒಪ್ಪಬೇಕು, ಮಾರಿದರೂ ಮುಚ್ಚಿದರೂ ಜನರ ಉತ್ತರ, ಫೋಟೊ, ಸಂದೇಶಗಳು ಎಷ್ಟು ದಿನದೊಳಗೆ ಅಳಿಯಬೇಕು ಎಂಬುದು ಉಪವಿಧಿಯಲ್ಲಿ ಇರಲಿ. ಓಕೆಕ್ಯುಪಿಡ್ ಕಟ್ಟಿದ ನಾಲ್ವರಿಗಿಂತ ನೀವು ಬುದ್ಧಿವಂತರಾಗಬೇಕಾದ ಜಾಗ ಇದೊಂದೇ.

ಆ್ಯಪ್ ಆಮೇಲೆ ಬರಲಿ. ಮೊದಲು ಪ್ರಶ್ನಾವಳಿ ಬರೆಯಿರಿ, ಕನ್ನಡದಲ್ಲಿ, ನಿಮ್ಮ ಊರಿನ ಬದುಕಿನಿಂದ ಎತ್ತಿದ ಪ್ರಶ್ನೆಗಳನ್ನು ಹಾಕಿ: ಮದುವೆಯ ಮೇಲೆ ಅತ್ತೆ-ಮಾವನ ಜೊತೆ ಇರುವುದೇ, ಬೆಂಗಳೂರಿಗೆ ಹೋಗುವ ಮನಸ್ಸಿದೆಯೇ, ಇಬ್ಬರ ಸಂಬಳ ಒಂದೇ ಖಾತೆಗೋ ಬೇರೆ ಬೇರೆಯೋ. ಹುಬ್ಬಳ್ಳಿ-ಧಾರವಾಡದಲ್ಲಿ ವರ್ಷಕ್ಕೆರಡು ಸಲ, ಹದಿನೈದು ದಿನ ಮಾತ್ರ ತೆರೆದಿಡಿ. ಉತ್ತರಿಸಿದವರಿಗೆ ಒಂದು ಹೆಸರು, ಒಂದು ಭೇಟಿ. ಜೊತೆಗೆ ಎಲ್ಲರೂ ಸೇರುವ ಕೂಟವೊಂದಿರಲಿ. ಅದರ ಜಾಗ ಮತ್ತು ಹೊತ್ತನ್ನು ನಿಮ್ಮ ಐವರಲ್ಲಿರುವ ಹೆಣ್ಣುಮಕ್ಕಳು ಗೊತ್ತುಮಾಡಲಿ.